ಮೂವತ್ತೊಂದು ಜನರ ಚರಗ

ನವೆಂಬರ್ 16, 2025, ಭಾನುವಾರ

ಇನ್ನು ನಲವತ್ತೇಳು ದಿನ.

ಈ ನೋಟ್‌ಬುಕ್ಕನ್ನು ಪಾಠದ ಟಿಪ್ಪಣಿಗೆಂದು ಜಮಖಂಡಿಯಿಂದ ತಂದಿದ್ದೆ. ಟಿಪ್ಪಣಿ ಬೇಕಾಗುವಂಥ ಪ್ರಶ್ನೆಯನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಆದ್ದರಿಂದ ಇದರಲ್ಲಿ ದಿನ ಎಣಿಸುವುದೇ ಒಳ್ಳೆಯದು. ಕನ್ನಡದಲ್ಲಿ ಏನು ಬರೆದರೂ ಈ ಊರಿನಲ್ಲಿ ಓದುವವರಿಲ್ಲ ಎಂಬ ಧೈರ್ಯವೂ ಇದೆ.

ಇಥಿಯೋಪಿಯಾದ ಈ ಗುಡ್ಡದ ಊರಿಗೆ ಬಂದು ಎರಡು ತಿಂಗಳಾಯಿತು. ಜಮಖಂಡಿಯಲ್ಲಿ ಇಪ್ಪತ್ತೆರಡು ವರ್ಷ ಭೌತಶಾಸ್ತ್ರ ಕಲಿಸಿದೆ. ಇಪ್ಪತ್ತೆರಡು ವರ್ಷವೂ ಅತಿಥಿ ಉಪನ್ಯಾಸಕ. ಪ್ರತಿ ಬೇಸಿಗೆಗೆ ಕೈಬಿಡುವುದು, ಮಳೆಗಾಲಕ್ಕೆ ಮತ್ತೆ ಕರೆಯುವುದು. ಈ ಸಲ ಮಳೆಗಾಲ ಬಂದರೂ ಕರೆಯಲಿಲ್ಲ. ಐವತ್ತೆರಡನೇ ವಯಸ್ಸಿಗೆ ಎಲ್ಲಿ ಹೋಗಿ ಕೆಲಸ ಕೇಳುವುದು? ಇಲ್ಲಿನ ವಿಶ್ವವಿದ್ಯಾಲಯ ಕರೆಯಿತು, ಬಂದೆ. ಕೋಣೆಯ ಬಾಗಿಲಿಗೆ ಪ್ರೊಫೆಸರ್ ಸೋಮಲಿಂಗ ಎಂದು ಫಲಕ ಹಾಕಿದ್ದಾರೆ. ಮೊದಲ ವಾರ ಅದನ್ನು ನೋಡುತ್ತ ನಿಲ್ಲುತ್ತಿದ್ದೆ. ಈಗ ನೋಡುವುದಿಲ್ಲ.

ನಿನ್ನೆ ಬಾಳು ಫೋನ್ ಮಾಡಿದ್ದ. ನನ್ನ ಜೊತೆ ಓದಿದವನು, ಈಗ ಮುಧೋಳದಲ್ಲಿ ಒಂದು ಖಾಸಗಿ ಪಿಯು ಕಾಲೇಜಿನ ಪ್ರಿನ್ಸಿಪಾಲ. ಜನವರಿಯಲ್ಲಿ ಅವನಲ್ಲಿ ಒಂದು ಜಾಗ ಖಾಲಿಯಾಗುತ್ತದಂತೆ.

“ಕಾಯಂ ಐತಿ ಲೇ ಸೋಮ್ಯಾ. ಐದನೇ ತಾರೀಕಿಗಿ ಬಂದು ಸಹಿ ಮಾಡು. ಆರಕ್ಕ ಬಂದ್ರ ನನ್ನ ಕೈಯಾಗ ಇಲ್ಲ.”

ಕಾಯಂ ಎಂಬ ಮಾತನ್ನು ನನ್ನ ಸಲುವಾಗಿ ಯಾರಾದರೂ ಆಡಿದ್ದು ಇದೇ ಮೊದಲು. ಜನವರಿ ಎರಡಕ್ಕೆ ಟಿಕೆಟ್ ತೆಗೆದೆ. ಹೆಂಡತಿ ಶೇವಂತಿಗೆ ಹೇಳಿದೆ. ಖುಷಿಯನ್ನು ತೋರಿಸಿಕೊಳ್ಳುವವಳಲ್ಲ ಆಕೆ. ಹಂಗಾದರೆ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕಳಿಸುವುದಿಲ್ಲ, ಮನೆಗೇ ಬಂದು ಉಣ್ಣಿ ಎಂದಳು. ಇಲ್ಲಿ ಇನ್ನೂ ಯಾರಿಗೂ ತಿಳಿಸಿಲ್ಲ.

ನವೆಂಬರ್ 20, ಗುರುವಾರ

ನಲವತ್ತಮೂರು ದಿನ.

ಅಂತಿಮ ವರ್ಷದವರು ಮೂವತ್ತೊಂದು ಜನ. ಬಂದು ಕೂರುತ್ತಾರೆ, ಬರೆಯುತ್ತಾರೆ, ಎದ್ದು ಹೋಗುತ್ತಾರೆ. ಅರ್ಥವಾಯಿತೇ ಎಂದರೆ ತಲೆಯಾಡಿಸುತ್ತಾರೆ. ಪ್ರಶ್ನೆ ಇದೆಯೇ ಎಂದರೆ ಎಲ್ಲರೂ ನೋಟ್‌ಬುಕ್ ನೋಡುತ್ತಾರೆ. ಜಮಖಂಡಿಯ ಹುಡುಗರು ಹಿಂದಿನ ಬೆಂಚಿನಿಂದ ಕಾಗದದ ಉಂಡೆ ಒಗೆಯುತ್ತಿದ್ದರು, ಬೈದರೆ ನಗುತ್ತಿದ್ದರು, ಎಷ್ಟು ಸಿಟ್ಟು ಬರುತ್ತಿತ್ತು. ಇವರ ಮೇಲೆ ಸಿಟ್ಟು ಮಾಡಿಕೊಳ್ಳಲೂ ದಾರಿಯಿಲ್ಲ. ನಿಂತು ನಿಂತು ಕಾಲು ನೋಯುತ್ತಿವೆ.

ನವೆಂಬರ್ 27, ಗುರುವಾರ

ಮೂವತ್ತಾರು ದಿನ.

ಮನೆಯ ಒಡತಿ ಅಲ್ಮಾಜ್ ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಗಂಡ ಇಲ್ಲ. ಇಂಜೆರಾ ಎಂದು ಇವರದೊಂದು ಅಗಲವಾದ ಹುಳಿದೋಸೆ, ಅದನ್ನು ಸುಟ್ಟು ಹೋಟೆಲುಗಳಿಗೆ ಕೊಡುತ್ತಾಳೆ. ಮಂಗಳವಾರದಿಂದ ಇವರಿಗೆ ಕ್ರಿಸ್ಮಸ್ಸಿನ ಮುಂಚಿನ ಉಪವಾಸ ಶುರುವಾಗಿದೆ, ನಲವತ್ತಮೂರು ದಿನದ್ದು. ಪಾಪ, ಹೆಂಗಸು ಉಪವಾಸವಿದ್ದು ಒಲೆಯ ಮುಂದೆ ಕೂರುತ್ತಾಳಲ್ಲ ಎಂದು ನಿನ್ನೆ ಅರ್ಧ ಲೀಟರ್ ಹಾಲು, ಒಂದು ಡಜನ್ ಬಾಳೆಹಣ್ಣು ತಂದುಕೊಟ್ಟೆ. ನಮ್ಮಲ್ಲಿ ಸೋಮವಾರದ ಉಪವಾಸಕ್ಕೆ ಇನ್ನೇನು ಬೇಕು?

ಆಕೆ ಬಾಳೆಹಣ್ಣು ಇಟ್ಟುಕೊಂಡು ಹಾಲನ್ನು ನನ್ನೆದುರಿಗೇ ಬೆಕ್ಕಿಗೆ ಹಾಕಿದಳು. ಆಮೇಲೆ ತನಗೆ ಬರುವ ನಾಲ್ಕು ಇಂಗ್ಲಿಷ್ ಮಾತಿನಲ್ಲಿ ವಿವರಿಸಿದಳು. ಇಲ್ಲಿನ ಉಪವಾಸದಲ್ಲಿ ರೊಟ್ಟಿ, ಬೇಳೆ, ಕಾಳು ಎಲ್ಲವನ್ನೂ ಹೊತ್ತು ತಿರುಗಿದ ಮೇಲೆ ಉಣ್ಣಬಹುದು. ಹಾಲು, ಮೊಸರು, ತುಪ್ಪ, ಮಾಂಸ ಮುಟ್ಟುವಂತಿಲ್ಲ. ನಮ್ಮದಕ್ಕೆ ಪೂರಾ ಉಲ್ಟಾ. ರೊಟ್ಟಿ ಬಿಟ್ಟು ಕೆನೆಹಾಲು ಕುಡಿಯುವ ನಮ್ಮ ಉಪವಾಸವನ್ನು ಕೇಳಿ ಆಕೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ನಾನು ಬಂದ ಮೇಲೆ ನನ್ನ ಮಾತಿಗೆ ಒಬ್ಬರು ನಕ್ಕಿದ್ದು ಇದೇ ಮೊದಲು.

ಡಿಸೆಂಬರ್ 3, ಬುಧವಾರ

ಮೂವತ್ತು.

ಸಾಬೂನು ತರಲು ಸಂತೆಗೆ ಹೋಗಿದ್ದೆ. ಒಬ್ಬ ಮುದುಕಿಯ ಮುಂದೆ ಸಣ್ಣ ಕರಿಕಾಳಿನ ಗುಡ್ಡೆ ಕಂಡು ಕಾಲು ನಿಂತವು. ಗುರೆಳ್ಳು, ದಕ್ಷಿಣದವರ ಹುಚ್ಚೆಳ್ಳು. ಪಕ್ಕದಲ್ಲಿ ಅಗಸಿ, ಎಳ್ಳು, ಬಿಳಿಜೋಳ. ಒಂದು ಹಿಡಿ ಗುರೆಳ್ಳು ತೆಗೆದು ಮೂಸಿ ನೋಡಿದೆ. ಮುದುಕಿ ಬೈದಳೋ ಏನೋ. ಈ ಊರಿನಲ್ಲಿ ನಮ್ಮದು ಎನ್ನುವಂಥದು ಒಂದೂ ಇಲ್ಲವೆಂದು ಎರಡೂವರೆ ತಿಂಗಳು ಗೊಣಗಿದೆನಲ್ಲ. ಮನೆಯ ಹಿಂದೆ ಅಲ್ಮಾಜಳ ತಮ್ಮನ ಎರೆಹೊಲವಿದೆ. ಅದರಲ್ಲಿ ಕಡಲೆ ಹಸುರಾಗಿ ನಿಂತಿದೆ. ಅದನ್ನೂ ಸರಿಯಾಗಿ ನೋಡಿದ್ದು ಇವತ್ತೇ.

ಸಂಜೆ ಶೇವಂತಿಗೆ ಹೇಳಿದೆ. ಆಕೆ ಎಳ್ಳಮಾವಾಸ್ಯೆಯ ಮಾತೆತ್ತಿದಳು. ಇದೇ ಹತ್ತೊಂಬತ್ತಕ್ಕೆ. ರನ್ನ ಬೆಳಗಲಿಯ ನಮ್ಮ ಹೊಲದಲ್ಲಿ ಅಣ್ಣ ಶಿದ್ರಾಮಪ್ಪ ಚರಗ ಚೆಲ್ಲುತ್ತಾನೆ. ಹಬ್ಬದ ಅಡಿಗೆಯನ್ನೆಲ್ಲ ಸ್ವಲ್ಪ ಸ್ವಲ್ಪ ಕಲಸಿ, ಬೆಳೆಯ ನಡುವೆ ಎರಚುತ್ತ ಹೊಲ ಸುತ್ತುತ್ತಾನೆ. ಭೂಮಿತಾಯಿ ಉಂಡ ಮೇಲೆಯೇ ನಾವು ಉಣ್ಣುವುದು. ಅಣ್ಣನ ಹಿಂದೆ ತಂಬಿಗೆ ಹಿಡಿದು ನೀರು ಹಾಕುತ್ತ ಹೋಗುವುದು ಎಂಟನೇ ವಯಸ್ಸಿನಿಂದ ನನ್ನ ಕೆಲಸ. ಈ ಸಲ ನೀರಿಗೆ ಯಾರು ಎಂದು ಅಣ್ಣ ಕೇಳಿದನಂತೆ.

“ಆವತ್ತ ಒಬ್ಬರ ಕುಂತು ಉಣಬ್ಯಾಡ್ರಿ,” ಎಂದಳು ಶೇವಂತಿ. “ಹೊಲದಾಗ ನಾಕ ಮಂದಿ ಕೂಡಿ ಉಣ್ಣೂ ಊಟ ಅದು. ನಿಮ್ಮ ಸಾಲಿ ಹುಡುಗರನ್ನರ ಕರೀರಿ.”

ಆ ಮೂವತ್ತೊಂದು ಮೂಕರನ್ನು ಕರೆದು ಏನು ಮಾಡಲಿ? ಆದರೂ ಹೇಗೂ ಹೊರಟವನು. ಒಂದು ದಿನ ಉಣಿಸಿ ಹೋದರೆ ನನ್ನ ಮನಸ್ಸಿಗಾದರೂ ಹಗುರ.

ಡಿಸೆಂಬರ್ 9, ಮಂಗಳವಾರ

ಇಪ್ಪತ್ನಾಲ್ಕು.

ಹಿಂದಿನ ಪಾಠ ಎಲ್ಲಿಗೆ ನಿಲ್ಲಿಸಿದೆನೆಂದು ನೋಡಲು ಮುಂದಿನ ಬೆಂಚಿನ ಹುಡುಗಿಯ ನೋಟ್‌ಬುಕ್ ಇಸಿದುಕೊಂಡೆ. ಹೆಸರು ಹಿರುತ್. ಪುಟ ತಿರುವಿದರೆ ಒಂದನೇ ಅಧ್ಯಾಯ, ಎರಡು, ಮೂರು, ನಾಲ್ಕರ ಅರ್ಧ. ಮತ್ತೆ ಒಂದನೇ ಅಧ್ಯಾಯ, ಬೇರೆ ಬಣ್ಣದ ಪೆನ್ನಿನಲ್ಲಿ. ಎರಡು, ಮೂರು, ನಾಲ್ಕು. ಆಮೇಲೆ ಮೂರನೇ ಸಲ ಒಂದನೇ ಅಧ್ಯಾಯ, ಇದು ನನ್ನ ಪಾಠ. ಐದನೇ ಅಧ್ಯಾಯ ಎಲ್ಲೂ ಇಲ್ಲ.

ಏನಿದು ಎಂದು ಕೇಳಿದೆ. ಕಳೆದ ವರ್ಷ ಹೊರದೇಶದ ಒಬ್ಬ ಪ್ರೊಫೆಸರ್ ಬಂದಿದ್ದರಂತೆ, ನಡುವೆಯೇ ಬಿಟ್ಟು ಹೋದರಂತೆ. ಅವರ ಜಾಗಕ್ಕೆ ಇನ್ನೊಬ್ಬರು ಬಂದರು, ಅವರೂ ಹೋದರು. ಹೊಸಬರು ಬಂದಾಗಲೆಲ್ಲ ಮೊದಲಿನಿಂದ ಶುರು. ಈ ವಿಷಯ ಮುಗಿಸದೆ ಪದವಿ ಕೈಗೆ ಬರುವುದಿಲ್ಲ, ಒಂದು ವರ್ಷ ಆಗಲೇ ಹಾಳಾಗಿದೆ. ಈ ಸಲವೂ ನಿಂತರೆ ಹಲವರು ಓದು ಬಿಟ್ಟು ಮನೆಗೆ ಹೋಗುತ್ತಾರೆ ಎಂದಳು. ಬಸ್ಸಿನ ಹೊತ್ತು ಹೇಳುವವರ ದನಿಯಲ್ಲಿ ಹೇಳಿದಳು, ದೂರುವ ದನಿ ಅಲ್ಲ.

ಇದರಲ್ಲಿ ನನ್ನ ತಪ್ಪೇನು? ಇಪ್ಪತ್ತೆರಡು ವರ್ಷ ಬೇಸಿಗೆ ಬಂದೊಡನೆ ನನ್ನನ್ನು ಮನೆಗೆ ಕಳಿಸಿದರಲ್ಲ, ಆಗ ಯಾರು ಬಂದು ಕೇಳಿದರು? ಇಷ್ಟು ಬರೆದರೂ ಸಮಾಧಾನವಾಗಲಿಲ್ಲ. ನಾವೀಗ ನಾಲ್ಕನೇ ಅಧ್ಯಾಯದಲ್ಲಿದ್ದೇವೆ.

ಡಿಸೆಂಬರ್ 12, ಶುಕ್ರವಾರ

ಇಪ್ಪತ್ತೊಂದು.

ಕರೆಂಟಿಲ್ಲ, ನೀರಿಲ್ಲ, ಹೊಟ್ಟೆ ಕೆಟ್ಟಿದೆ. ರಾಜೀನಾಮೆ ಬರೆದೆ, ನಾಲ್ಕೇ ಸಾಲು. ಇಪ್ಪತ್ತೆರಡನೇ ತಾರೀಕು, ಸೋಮವಾರ, ವಿಭಾಗದ ಮುಖ್ಯಸ್ಥರ ಕೈಗೆ ಕೊಡುವುದು. ಮಲಗುತ್ತೇನೆ.

ಡಿಸೆಂಬರ್ 16, ಮಂಗಳವಾರ

ಹದಿನೇಳೋ ಹದಿನೆಂಟೋ ಉಳಿದಿವೆ, ಎಣಿಸಲು ಪುರುಸೊತ್ತಾಗಲಿಲ್ಲ.

ನಿನ್ನೆ ತರಗತಿಯಲ್ಲಿ ಶುಕ್ರವಾರ ನಮ್ಮ ಹಬ್ಬ, ಎಲ್ಲರೂ ಊಟಕ್ಕೆ ಬನ್ನಿ ಎಂದೆ. ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಲೆಮ್ಮಾ ಎಂಬ ಎತ್ತರದ ಹುಡುಗ ಮಾತ್ರ ಬರುತ್ತೇವೆ ಎಂದ. ಕರೆದವನಿಗೇ ಬೇಜಾರಾಗುವಂಥ ಮುಖ ಮಾಡಿಕೊಂಡು ಹೋದರು.

ಹುಟ್ಟಿದಾಗಿನಿಂದ ನಾನು ರೊಟ್ಟಿ ಬಡಿದವನಲ್ಲ. ಬಡಿದದ್ದನ್ನು ಮುರಿದು ತಿಂದವನು. ಸಂಜೆ ಮಗಳು ಕಾವ್ಯ ಅಲ್ಲಿ ಫೋನ್ ಹಿಡಿದು ನಿಂತಳು, ಶೇವಂತಿ ಒಂದೊಂದೇ ಹೇಳುತ್ತ ಹೋದಳು. ಕುದಿಯುವ ಎಸರನ್ನು ಹಿಟ್ಟಿಗೆ ಹಾಕುವಾಗ ಬೆರಳು ಸುಟ್ಟುಕೊಂಡೆ. ನಾದುವುದನ್ನು ನೋಡಿ ಆಕೆಗೆ ತಡೆಯಲಾಗಲಿಲ್ಲ.

“ಬೋರ್ಡ್ ಒರಸಾಕತ್ತೀರೇನ್ರಿ? ಅಂಗೈ ಹಚ್ಚಿ ತಿಕ್ಕಿ ನಾದ್ರಿ.”

ನನ್ನ ಮೊದಲ ರೊಟ್ಟಿ ಎತ್ತುವಾಗಲೇ ಎರಡು ಹೋಳಾಯಿತು. ಎರಡನೆಯದನ್ನು ರೊಟ್ಟಿ ಎಂದು ನಾನೇ ಗುರುತಿಸಲಿಲ್ಲ. ಅಲ್ಮಾಜ್ ಸ್ವಲ್ಪ ಹೊತ್ತು ನೋಡಿ, ನನ್ನನ್ನು ಪಕ್ಕಕ್ಕೆ ಸರಿಸಿ ಕೂತಳು. ನಾಲ್ಕನೆಯದಕ್ಕೆ ಆಕೆಯ ಕೈ ಕೂಡಿತು. ಇಂಜೆರಾದ ದೊಡ್ಡ ಹಂಚಿನ ಮೇಲೆ ಒಮ್ಮೆಗೆ ಎರಡು ರೊಟ್ಟಿ ಬೇಯುತ್ತವೆ. ಫೋನಿನ ಆಚೆಗೆ ಶೇವಂತಿ, ಈಚೆಗೆ ಅಲ್ಮಾಜ್, ಒಬ್ಬಳ ಭಾಷೆ ಇನ್ನೊಬ್ಬಳಿಗೆ ಗೊತ್ತಿಲ್ಲ. ಇಬ್ಬರೂ ಸೇರಿ ನನ್ನನ್ನು ನೋಡಿ ನಕ್ಕರು. ಎಳ್ಳು ಹಚ್ಚಿದ ನಲವತ್ತು ಖಡಕ್ ರೊಟ್ಟಿ ಆದವು. ಬರುವಾಗ ಶೇವಂತಿ ಪೆಟ್ಟಿಗೆಗೆ ಹಾಕಿದ್ದ ರಬಕವಿಯ ಹಳೆಯ ನೂಲಿನ ಸೀರೆಯಲ್ಲಿ ಸುತ್ತಿಟ್ಟಿದ್ದೇನೆ. ನಾಳೆ ಇನ್ನಷ್ಟು ಮಾಡಬೇಕು. ಲೆಮ್ಮಾನ ಹೊಟ್ಟೆ ನೋಡಿದರೆ ಒಬ್ಬನೇ ಐದಾರು ಮುಗಿಸುವ ಹಾಗಿದ್ದಾನೆ.

ಡಿಸೆಂಬರ್ 19, ಶುಕ್ರವಾರ, ಎಳ್ಳಮಾವಾಸ್ಯೆ

ಬಹಳ ದಣಿದಿದ್ದೇನೆ. ಆದರೂ ಇವತ್ತಿನದನ್ನು ಇವತ್ತೇ ಬರೆಯಬೇಕು.

ನಸುಕಿನಲ್ಲೇ ಎದ್ದು ಅಡಿಗೆಗೆ ನಿಂತೆವು. ಬದನೆಕಾಯಿ ಎಣಗಾಯಿ, ಕಾಳಿನ ಪಲ್ಯ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಎಂದು ಎರಡು ಬಗೆಯ ಚಟ್ನಿಪುಡಿ. ಮುಧೋಳದಿಂದ ತಂದಿದ್ದ ಬೆಲ್ಲದ ಕೊನೆಯ ತುಂಡಿನಲ್ಲಿ ಶೇಂಗಾ ಹೋಳಿಗೆ. ಕೈ ತಾನಾಗಿ ತುಪ್ಪದ ಡಬ್ಬಿಗೆ ಹೋಯಿತು. ಅಲ್ಮಾಜ್ ಡಬ್ಬಿ ಎತ್ತಿ ಬೀಗದೊಳಗಿಟ್ಟಳು. ಎಣ್ಣೆ ಸವರಿ ಬೇಯಿಸಿದೆವು. ಮೊಸರೂ ಇಲ್ಲ. ನಡುವೆ ವಿಭಾಗಕ್ಕೆ ಹೋಗಿ ರಾಜೀನಾಮೆಯ ಪ್ರಿಂಟ್ ತೆಗೆಸಿ ಅಂಗಿಯ ಜೇಬಿಗಿಟ್ಟುಕೊಂಡು ಬಂದೆ.

ಮೂರು ಗಂಟೆಗೆ ಬಂದರು, ಒಬ್ಬರೂ ತಪ್ಪದೆ, ಒಗೆದ ಬಟ್ಟೆ ಹಾಕಿಕೊಂಡು. ಅಂಗಳದ ಚಾಪೆಯ ಮೇಲೆ ಸಾಲಾಗಿ ಕೂತರು. ಬಡಿಸಿದೆ. ಯಾರೂ ಕೈ ಹಾಕಲಿಲ್ಲ. ಉಪವಾಸದ ಅನುಮಾನವಿರಬೇಕೆಂದು, ಹಾಲಿಲ್ಲ, ತುಪ್ಪವಿಲ್ಲ ಎಂದೆ. ಅಲ್ಮಾಜ್ ಅವರ ಭಾಷೆಯಲ್ಲಿ ಆಣೆ ಇಟ್ಟು ಹೇಳಿದಳು. ಆದರೂ ಇಲ್ಲ. ನಾಲ್ಕು ದಿನ ಬೆರಳು ಸುಟ್ಟುಕೊಂಡ ನನಗೆ ಒಳಗೊಳಗೇ ಸಿಟ್ಟು ಏರತೊಡಗಿತು. ಬೇಡವಾದರೆ ಬೇಡ, ಹೇಗೂ ನಾನು ನಿಮ್ಮವನಲ್ಲ ಎಂದುಕೊಂಡೆ.

ಆಗ ಲೆಮ್ಮಾ ಎದ್ದು ನಿಂತ. ಕಾಗದ ನೋಡಿಕೊಂಡು ಇಂಗ್ಲಿಷಿನಲ್ಲಿ ಓದಿದ. ನೀವು ಕಲಿಸಿದ್ದಕ್ಕೆ ನಾವು ಕೃತಜ್ಞರು, ನಿಮ್ಮ ಕುಟುಂಬಕ್ಕೆ ಒಳ್ಳೆಯದಾಗಲಿ, ನಮ್ಮನ್ನು ನೆನಪಿಡಿ. ಎಲ್ಲರೂ ಸೇರಿ ಕೊಂಡಿದ್ದ ಒಂದು ದಪ್ಪನೆಯ ಬಿಳಿ ಹೊದಿಕೆಯನ್ನು ನನ್ನ ಹೆಗಲಿಗೆ ಹಾಕಿದರು. ನೇಕಾರರ ಊರಾದ ಬನಹಟ್ಟಿಯ ಪಕ್ಕದಲ್ಲಿ ಬೆಳೆದವನಿಗೆ ಅಂಚು ಮುಟ್ಟದೆ ಇರಲಾಗುವುದಿಲ್ಲ. ಮುಟ್ಟಿದೆ. ಕೈಮಗ್ಗದ್ದು. ಇದೆಲ್ಲ ಯಾಕೆ ಎಂದು ಕೇಳಿದೆ.

“ಮೊದಲಿನ ಪ್ರೊಫೆಸರ್ ಬಿರಿಯಾನಿ ಮಾಡಿ ಉಣಿಸಿದರು,” ಎಂದಳು ಹಿರುತ್. “ಎರಡನೆಯವರು ಕೇಕ್ ತಂದಿದ್ದರು. ನಿಮ್ಮ ವಿಮಾನ ಯಾವತ್ತು, ಟೀಚರ್?”

ಪತ್ರ ಜೇಬಿನಲ್ಲಿತ್ತು. ನಾಚಿಕೆ ಎಂದರೆ ಏನೆಂದು ನನಗೆ ಅಷ್ಟು ಚೆನ್ನಾಗಿ ಎಂದೂ ತಿಳಿದಿರಲಿಲ್ಲ. ಎರಡನೇ ತಾರೀಕು ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಅವರು ತಯಾರಾಗಿಯೇ ಬಂದಿದ್ದರು. ನಾನು ಊಟದ ಮಾತು ಶುರುಮಾಡಿದೆ. ಇದು ಬೀಳ್ಕೊಡುವ ಊಟ ಅಲ್ಲ, ನಮ್ಮೂರಿನಲ್ಲಿ ಬೆಳೆ ಹೊಲದಲ್ಲಿ ನಿಂತಿರುವಾಗ ಮಾಡುವ ಊಟ ಎಂದೆ. ಈ ಹೊತ್ತಿನಲ್ಲಿ ಭೂಮಿ ಬಸುರಿ. ಬಸುರಿಗೆ ಬಯಕೆ ಇರುತ್ತದಲ್ಲ, ಆಕೆಗೆ ಇಷ್ಟವಾದದ್ದನ್ನೆಲ್ಲ ಮಾಡಿಕೊಂಡು ಹೋಗಿ ಉಣಿಸುತ್ತೇವೆ. ಕಾಳು ಇನ್ನೂ ಬಲಿತಿರುವುದಿಲ್ಲ, ಕೊಯ್ಲು ಮುಂದಿರುತ್ತದೆ.

“ಉಣಿಸಿದ ಮೇಲೆ?” ಎಂದ ಲೆಮ್ಮಾ.

“ಉಣಿಸಿದವರು ಬೆಳೆ ಕೊಯ್ದು ರಾಶಿ ಆಗುವವರೆಗೆ ಹೊಲ ಬಿಟ್ಟು ಹೋಗುವುದಿಲ್ಲ,” ಎಂದೆ.

ಬಾಯಿಂದ ಬಂದುಬಿಟ್ಟಿತು. ಇದು ನಮ್ಮ ಶಾಸ್ತ್ರದಲ್ಲಿ ಇದೆಯೋ ಇಲ್ಲವೋ ಗೊತ್ತಿಲ್ಲ. ಆದರೆ ರನ್ನ ಬೆಳಗಲಿಯಲ್ಲಿ ಬಯಕೆ ಉಣಿಸಿ ಹೊಲ ಬಿಟ್ಟು ಹೋದವರನ್ನು ನಾನಂತೂ ಕಂಡಿಲ್ಲ. ಲೆಮ್ಮಾ ಅದನ್ನು ತಮ್ಮ ಭಾಷೆಯಲ್ಲಿ ಎಲ್ಲರಿಗೂ ಹೇಳಿದ. ಹಿರುತ್ ಎದ್ದು, ಹಾಗಾದರೆ ಹೊಲಕ್ಕೆ ಮೊದಲು ಕೊಡಬೇಕಲ್ಲ, ನಮಗೇಕೆ ಬಡಿಸಿದಿರಿ ಎಂದಳು.

ನಿಜ. ಇಡೀ ಜನ್ಮದಲ್ಲಿ ತಪ್ಪದ ಕ್ರಮವನ್ನು ತಪ್ಪಿಸಿ, ಚರಗವನ್ನೇ ಮರೆತು ಪಂಕ್ತಿ ಹಾಕಿದ್ದೆ. ಬೀಳ್ಕೊಡುವವನು ಹಾಗೆಯೇ ಬಡಿಸುತ್ತಾನೆ ಅನಿಸುತ್ತದೆ.

ಎಲ್ಲರ ತಟ್ಟೆಯಿಂದ ಒಂದೊಂದು ತುತ್ತು ತೆಗೆದು ಬುಟ್ಟಿಯಲ್ಲಿ ಕಲಸಿದೆ. ಹಿತ್ತಲ ಬೇಲಿ ಸರಿಸಿ ಕಡಲೆ ಹೊಲಕ್ಕೆ ಇಳಿದೆವು. ಅಲ್ಮಾಜಳ ತಮ್ಮ ಹೂಂ ಎಂದ. ಈವರೆಗೆ ನೀರು ಹಿಡಿದವನು ನಾನು, ಮೊದಲ ಸಲ ಬುಟ್ಟಿ ಹಿಡಿದೆ. ನನ್ನ ಹಿಂದೆ ನೀರು ಹಾಕುತ್ತ ಹಿರುತ್ ಬಂದಳು. ಚೆಲ್ಲುವವನು “ಹುಲ್ಲುಲ್ಲಿಗೋ” ಎಂದು ಕೂಗಿದರೆ ಹಿಂದಿನವರು “ಚಲ್ಲಾಂಬ್ರಿಗೋ” ಎನ್ನಬೇಕು. ಅದರ ಅರ್ಥವೇನು ಎಂದು ಕೇಳಿದರು. ನಮ್ಮೂರಿನಲ್ಲೇ ಯಾರಿಗೂ ಗೊತ್ತಿಲ್ಲ ಎಂದೆ. ಮೊದಲ ಸಲ ಕೂಗಿದಾಗ ನಾಲ್ಕೈದು ದನಿ ಬಂದವು, ಹೊಲದ ಮೂರನೇ ಮೂಲೆ ಮುಟ್ಟುವ ಹೊತ್ತಿಗೆ ಎಲ್ಲರೂ ಕೂಗುತ್ತಿದ್ದರು. ಮೂರು ತಿಂಗಳು ಉಸಿರೆತ್ತದ ಹುಡುಗರು ಇವರೇನಾ ಎಂದು ತಿರುಗಿ ನೋಡಿದೆ. ಬೇಲಿಯ ಬಳಿ ಅಲ್ಮಾಜ್ ನಾಲಿಗೆ ಆಡಿಸಿ ಇಲಿಲಿಲಿ ಎಂದು ಕೂಗು ಹಾಕಿದಳು. ಇವರಲ್ಲಿ ಮದುವೆ, ಬಾಣಂತನಕ್ಕೆ ಹಾಗೆ ಮಾಡುತ್ತಾರಂತೆ.

ಆಮೇಲೆ ಉಂಡರು. ಲೆಮ್ಮಾ ಏಳು ರೊಟ್ಟಿ. ಗುರೆಳ್ಳಿನಿಂದ ಎಣ್ಣೆ ತೆಗೆಯುವುದಷ್ಟೇ ಅವರಿಗೆ ಗೊತ್ತಿತ್ತು. ಹಿಂಡಿ ಪೂರಾ ಖಾಲಿ.

ನನ್ನ ಎಣ್ಣೆಗೈ ಯಾವಾಗ ಜೇಬಿಗೆ ಹೋಯಿತೋ, ಪತ್ರಕ್ಕೆಲ್ಲ ಕಲೆ ಹತ್ತಿದೆ. ಕೊಡುವುದಾದರೆ ಹೊಸದಾಗಿ ಪ್ರಿಂಟ್ ತೆಗೆಸಬೇಕು. ಆ ಹುಡುಗರಿಗೆ ಹೇಳಿದ್ದು ನಿಜವೋ ಸುಳ್ಳೋ ಎನ್ನುವುದು ನನಗೇ ಇನ್ನೂ ಗೊತ್ತಾಗಿಲ್ಲ.

ಡಿಸೆಂಬರ್ 20, ಶನಿವಾರ

ಬೆಳಿಗ್ಗೆ ಶೇವಂತಿಗೆ ಫೋನ್ ಮಾಡಿದೆ. ನಿನ್ನೆ ಅಣ್ಣನ ಹಿಂದೆ ಕಾವ್ಯ ನೀರು ಹಾಕಿದಳಂತೆ, ಕೂಗು ಮಾತ್ರ ನಾಚಿಕೊಂಡು ಮೆಲ್ಲಗೆ ಕೂಗಿದಳಂತೆ. ನಾನು ಇಲ್ಲಿ ನಡೆದದ್ದನ್ನೆಲ್ಲ ಹೇಳಿದೆ. ನೋಟ್‌ಬುಕ್, ಬಿರಿಯಾನಿ, ಕೇಕ್, ಕಡಲೆ ಹೊಲ, ನಾನು ಆಡಿದ ಮಾತು. ಪರೀಕ್ಷೆ ಮುಗಿಯುವುದು ಜೂನಿನಲ್ಲಿ ಎಂದೂ ಹೇಳಿದೆ. ಜಮಖಂಡಿಯ ನಮ್ಮ ಓಣಿಯಲ್ಲಿ ಆಟೋ ಹಾರ್ನ್ ಹೊಡೆದದ್ದು ಕೇಳಿತು.

“ಸೂಟ್‌ಕೇಸಿಗಿ ಜಾಗಾ ಮಾಡಿಟ್ಟಿದ್ದೆ,” ಎಂದಳು. ಆಮೇಲೆ ಮೂಗೊರೆಸಿಕೊಂಡದ್ದು ಕೇಳಿತು. “ಆತು. ರಾಶಿ ಮಾಡಿಕೊಂಡ ಬರ್ರಿ.”

ಬಾಳು ಇಷ್ಟು ಸುಲಭಕ್ಕೆ ಬಿಡಲಿಲ್ಲ. ಕಾಯಂ ನೌಕರಿ ಬಿಡೂ ಮೂರ್ಖನ್ನ ಖರೇನ ಎಲ್ಲೂ ಕಂಡಿಲ್ಲ ಎಂದ, ಇನ್ನೂ ಏನೇನೋ ಅಂದ. ಅವನದೂ ತಪ್ಪಲ್ಲ. ಆ ಜಾಗ ಇನ್ನು ನನಗೆ ಸಿಗುವುದಿಲ್ಲ. ಟಿಕೆಟ್ ರದ್ದು ಮಾಡಿದೆ.

ಡಿಸೆಂಬರ್ 22, ಸೋಮವಾರ

ಚಳಿ. ಬಿಳಿ ಹೊದಿಕೆ ಹೊದ್ದುಕೊಂಡೇ ತರಗತಿಗೆ ಹೋದೆ. ಐದನೇ ಅಧ್ಯಾಯ ಎಂದು ಬೋರ್ಡಿನ ಮೇಲೆ ಬರೆದು ತಿರುಗಿದರೆ ಯಾರೂ ಬರೆದುಕೊಳ್ಳುತ್ತಿರಲಿಲ್ಲ, ಸುಮ್ಮನೆ ಬೋರ್ಡ್ ನೋಡುತ್ತಿದ್ದರು. ಅರ್ಧ ಗಂಟೆ ಪಾಠವಾದ ಮೇಲೆ ಹಿರುತ್ ಕೈ ಎತ್ತಿ ಒಂದು ಪ್ರಶ್ನೆ ಕೇಳಿದಳು. ಒಳ್ಳೆಯ ಪ್ರಶ್ನೆ. ಉತ್ತರ ನನಗೆ ಗೊತ್ತಿರಲಿಲ್ಲ.

ನಾಳೆ ಹೇಳುತ್ತೇನೆ ಎಂದೆ.